‘ಹ್ಯಾಪಿ ಟುಗೆದರ್’: ನೋಡುವ ಮೊದಲು, ನೋಡಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಂಗ್ ಕಾರ್-ವಾಯ್ ನಿರ್ದೇಶನದ 1997ರ ಈ ಚಿತ್ರವನ್ನು ಎಲ್ಲೇ ತೋರಿಸಲಿ, ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಮೊದಲ ಆರನ್ನು ಚಿತ್ರ ನೋಡದವರೂ ಓದಬಹುದು. ಆಮೇಲಿನವುಗಳಲ್ಲಿ ಕಥೆಯ ಕೊನೆಯವರೆಗಿನ ವಿವರಗಳಿವೆ, ಅವನ್ನು ಚಿತ್ರ ನೋಡಿ ಬಂದ ಮೇಲೆ ಓದಿ.

ಕಥೆ ಏನು, ಎರಡು ಮಾತಿನಲ್ಲಿ ಹೇಳಿ.

ಹಾಂಗ್‌ಕಾಂಗ್‌ನ ಇಬ್ಬರು ಗಂಡಸರು, ಲೈ ಯಿಯು-ಫೈ ಮತ್ತು ಹೋ ಪೋ-ವಿಂಗ್, ಪ್ರೇಮಿಗಳು. ಸಂಬಂಧ ಮುರಿದಾಗಲೆಲ್ಲ ಹೋ ‘ಮತ್ತೆ ಮೊದಲಿಂದ ಶುರು ಮಾಡೋಣ’ ಅನ್ನುತ್ತಾನೆ, ಲೈ ಒಪ್ಪುತ್ತಾನೆ. ಹಾಗೆ ಶುರು ಮಾಡಲೆಂದೇ ಅರ್ಜೆಂಟೀನಾಕ್ಕೆ ಬರುತ್ತಾರೆ. ಇಗ್ವಾಸು ಜಲಪಾತ ನೋಡಲು ಹೊರಟವರು ದಾರಿ ತಪ್ಪುತ್ತಾರೆ, ಜಗಳವಾಡಿ ಬೇರೆಯಾಗುತ್ತಾರೆ. ಊರಿಗೆ ಮರಳಲು ಲೈ ಹತ್ತಿರ ದುಡ್ಡಿಲ್ಲ, ಬ್ಯೂನಸ್ ಐರಿಸ್‌ನ ಟ್ಯಾಂಗೋ ಬಾರೊಂದರ ಬಾಗಿಲಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಅಲ್ಲಿಗೆ ಹೋ ಮತ್ತೆ ಬರುತ್ತಾನೆ.

ಎಷ್ಟು ಹೊತ್ತಿನ ಚಿತ್ರ? ಯಾವ ಭಾಷೆ? ಯಾರು ಯಾರಿದ್ದಾರೆ?

96 ನಿಮಿಷ. ಲೈ ಮತ್ತು ಹೋ ತಮ್ಮತಮ್ಮಲ್ಲಿ ಆಡುವುದು ಕ್ಯಾಂಟನೀಸ್. ಆಮೇಲೆ ಬರುವ ತೈವಾನ್‌ನ ಹುಡುಗ ಚಾಂಗ್‌ನದು ಮ್ಯಾಂಡರಿನ್. ಸುತ್ತಲಿನವರದು ಸ್ಪ್ಯಾನಿಷ್. ಸಬ್‌ಟೈಟಲ್ ಮೂರನ್ನೂ ಒಂದೇ ಮಾಡಿಬಿಡುವುದರಿಂದ ಮಾತು ಯಾವಾಗ ಬದಲಾಯಿತು ಎಂದು ಕಿವಿಗೊಟ್ಟು ಕೇಳಿ. ಪಕ್ಕದವರ ಮಾತು ಅರ್ಥವಾಗದ ಊರಿನಲ್ಲಿ ಇವರಿದ್ದಾರೆ ಎಂಬುದು ಚಿತ್ರದುದ್ದಕ್ಕೂ ಕೆಲಸ ಮಾಡುವ ಸಂಗತಿ.

ಲೈ ಪಾತ್ರದಲ್ಲಿ ಟೋನಿ ಲಿಯುಂಗ್ ಚಿಯು-ವಾಯ್, ಹೋ ಆಗಿ ಲೆಸ್ಲಿ ಚೆಯುಂಗ್, ಚಾಂಗ್ ಆಗಿ ಚಾಂಗ್ ಚೆನ್. ಛಾಯಾಗ್ರಹಣ ಕ್ರಿಸ್ಟೋಫರ್ ಡಾಯ್ಲ್ ಅವರದು. ಕಲಾ ನಿರ್ದೇಶನ ವಿಲಿಯಂ ಚಾಂಗ್ ಅವರದು, ಸಂಕಲನದಲ್ಲೂ ಅವರ ಕೈಯಿದೆ. 1997ರ ಕಾನ್ ಚಿತ್ರೋತ್ಸವದಲ್ಲಿ ವಾಂಗ್ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. ಹಾಂಗ್‌ಕಾಂಗ್‌ನ ನಿರ್ದೇಶಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಮನೆಮಂದಿಯ ಜೊತೆ ನೋಡಬಹುದೇ?

18 ದಾಟಿದವರ ಚಿತ್ರ ಇದು. ಹಾಂಗ್‌ಕಾಂಗ್‌ನಲ್ಲಿ ಬಿಡುಗಡೆಯಾದದ್ದೂ ವಯಸ್ಕರ ದರ್ಜೆಯಲ್ಲೇ. ಶುರುವಾದ ಕೆಲವೇ ನಿಮಿಷಗಳಲ್ಲಿ ಇಬ್ಬರ ಲೈಂಗಿಕ ದೃಶ್ಯವಿದೆ, ಮುಚ್ಚುಮರೆಯಿಲ್ಲದೆ ತೆಗೆದದ್ದು. ಆಮೇಲೆ ಹೊಡೆದಾಟ, ರಕ್ತ, ಕಸಾಯಿಖಾನೆಯ ದೃಶ್ಯಗಳು ಬರುತ್ತವೆ. ಪ್ರಾಣಿವಧೆ ನೋಡಲಾಗದವರಿಗೆ ಮೊದಲೇ ಹೇಳಿಬಿಡಿ. ಸಿಗರೇಟು ಇಡೀ ಚಿತ್ರದಲ್ಲಿದೆ.

ಯಾವ ಪ್ರತಿ ನೋಡುವುದು ಒಳ್ಳೆಯದು?

ಚಲಾವಣೆಯಲ್ಲಿ ಮುಖ್ಯವಾಗಿ ಎರಡಿವೆ: ಹಳೆಯ ಡಿವಿಡಿ, ಬ್ಲೂ-ರೇಗಳಲ್ಲಿ ಬಂದದ್ದು ಒಂದು, ಆಮೇಲೆ ಮಾಡಿದ 4ಕೆ ಪುನರುಜ್ಜೀವನ ಇನ್ನೊಂದು. ಎರಡನೆಯದು 2021ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ತಂದ ಏಳು ಚಿತ್ರಗಳ ಪೆಟ್ಟಿಗೆಯಲ್ಲೂ ಇದೆ. ಚಿತ್ರ ಸ್ಪಷ್ಟ, ಕತ್ತಲ ಭಾಗಗಳಲ್ಲಿ ವಿವರ ಹೆಚ್ಚು. ಆದರೆ ಒಂದು ನಷ್ಟವಿದೆ. 2019ರ ಬೆಂಕಿ ಅನಾಹುತದಲ್ಲಿ ಮೂಲ ನೆಗೆಟಿವ್‌ನ ಕೆಲವು ಭಾಗಗಳು ಹಾಳಾದವು. ಹಾಗಾಗಿ ಲೈ ಮನಸ್ಸಿನೊಳಗೆ ಆಡಿಕೊಳ್ಳುವ ಮಾತುಗಳಲ್ಲಿ ಕೆಲವನ್ನು ಮೊಟಕು ಮಾಡಬೇಕಾಯಿತು. ಇದನ್ನು ನಿರ್ದೇಶಕರೇ ತಿಳಿಸಿದ್ದಾರೆ.

ಮೊದಲ ಸಲ ನೋಡುವವರಿಗೆ 4ಕೆ ಪ್ರತಿಯೇ ಸಾಕು. ಚಿತ್ರ ಮನಸ್ಸಿಗೆ ಹತ್ತಿದರೆ ಹಳೆಯ ಪ್ರತಿಯನ್ನು ಹುಡುಕಿ ಇನ್ನೊಮ್ಮೆ ನೋಡಿ, ಲೈ ಪಾತ್ರಕ್ಕೆ ಆ ಮಾತುಗಳು ಬೇಕು. ಡಿಸ್ಕ್ ತರಿಸುವವರು ವಲಯದ ಗುರುತು ನೋಡಿಕೊಳ್ಳಿ. ಅಮೆರಿಕದ ಕ್ರೈಟೀರಿಯನ್ ಬ್ಲೂ-ರೇಗಳು ‘ಎ’ ವಲಯದವು, ಭಾರತ ‘ಸಿ’ ವಲಯದಲ್ಲಿದೆ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್‌ಗೆ ಹಾಕಿದರೆ ಡಿಸ್ಕ್ ಓಡುವುದಿಲ್ಲ. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಬೇಕು.

ಟಿವಿಯಲ್ಲಿ ನೋಡಿದರೆ ಧಾರಾವಾಹಿಯ ಹಾಗೆ ಕಾಣುತ್ತದೆ, ಏಕೆ?

ಟಿವಿ ತನ್ನಷ್ಟಕ್ಕೆ ಫ್ರೇಮ್‌ಗಳ ನಡುವೆ ಹೊಸ ಫ್ರೇಮ್‌ಗಳನ್ನು ತುಂಬುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಚಿತ್ರ ವಿಭಾಗಕ್ಕೆ ಹೋಗಿ ಚಲನೆಯನ್ನು ನಯ ಮಾಡುವ ಆಯ್ಕೆಯನ್ನು ಪೂರ್ತಿ ಆರಿಸಿ. ಕಂಪನಿಗೊಂದು ಹೆಸರಿದೆ: ಟ್ರೂಮೋಷನ್, ಮೋಷನ್‌ಫ್ಲೋ, ಹೀಗೆ. ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ’ ಮೋಡ್ ಇದ್ದರೆ ಅದನ್ನೇ ಹಾಕಿ.

ಬೇರೆ ಚಿತ್ರಗಳಿಗಿಂತ ಇದಕ್ಕೆ ಈ ಎಚ್ಚರ ಹೆಚ್ಚು ಬೇಕು. ವಾಂಗ್ ಮತ್ತು ಡಾಯ್ಲ್ ಜೋಡಿ ಚಲನೆಯ ವೇಗದ ಜೊತೆ ಬೇಕೆಂದೇ ಆಡುತ್ತದೆ. ಕಡಿಮೆ ವೇಗದಲ್ಲಿ, ಉದಾಹರಣೆಗೆ ಸೆಕೆಂಡಿಗೆ 12 ಫ್ರೇಮ್‌ನಂತೆ ತೆಗೆದು, ಒಂದೊಂದು ಫ್ರೇಮನ್ನೂ ಎರಡೆರಡು ಸಲ ಮುದ್ರಿಸಿ 24ಕ್ಕೆ ಹೊಂದಿಸಿದರೆ ಚಲನೆ ತಡೆತಡೆದು, ಬಣ್ಣ ಹರಡಿದಂತೆ ಕಾಣುತ್ತದೆ. ಟಿವಿ ಅದನ್ನು ದೋಷವೆಂದು ತಿಳಿದು ‘ಸರಿ’ ಮಾಡಿಬಿಡುತ್ತದೆ. ಕೋಣೆಯ ದೀಪ ಆರಿಸಿ. ಲೈನ ಕೋಣೆಯ ಮಬ್ಬು ಬೆಳಕಿನಲ್ಲಿ ಮುಖಗಳು ಅರ್ಧವಷ್ಟೇ ಕಾಣುತ್ತವೆ, ಕಿಟಕಿಯ ಪರದೆ ತೆರೆದಿದ್ದರೆ ಆ ಅರ್ಧವೂ ಹೋಯಿತು.

ಸಬ್‌ಟೈಟಲ್ ಮಾತಿಗಿಂತ ಮುಂದೆ ಮುಂದೆ ಓಡುತ್ತಿದೆ. ಸರಿ ಮಾಡುವುದು ಹೇಗೆ?

ಮೊದಲ ಸಾಲು ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಹೆಚ್ಚುತ್ತಿದ್ದರೆ, ಸಬ್‌ಟೈಟಲ್ ಕಡತ ಯುರೋಪಿನ ಪಾಲ್ ಎಂಬ ಟಿವಿ ಮಾದರಿಯ ಡಿವಿಡಿಗಾಗಿ ಮಾಡಿದ್ದು ಎಂದರ್ಥ. ಅಲ್ಲಿ ಸೆಕೆಂಡಿಗೆ 25 ಫ್ರೇಮ್ ಓಡುವುದರಿಂದ 96 ನಿಮಿಷದ ಚಿತ್ರ 92 ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮ ಪ್ರತಿ ಸೆಕೆಂಡಿಗೆ 23.976 ಫ್ರೇಮಿನದ್ದಾದರೆ ನಿಮಿಷಕ್ಕೆ ಸುಮಾರು 2.5 ಸೆಕೆಂಡ್ ವ್ಯತ್ಯಾಸ ಬೀಳುತ್ತದೆ, ಕೊನೆಗೆ 4 ನಿಮಿಷದ ಹತ್ತಿರ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಕಡತ ತೆರೆದು ಫ್ರೇಮ್ ದರವನ್ನು 25ರಿಂದ 23.976ಕ್ಕೆ ಬದಲಿಸಿ ಉಳಿಸಿ. ಮೊದಲಿಂದ ಕೊನೆವರೆಗೂ ಅಂತರ ಒಂದೇ ಇದ್ದರೆ ಇಷ್ಟೆಲ್ಲ ಬೇಡ. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ‘ಜಿ’ ಮತ್ತು ‘ಎಚ್’ ಕೀಲಿಗಳು ಒತ್ತಿದಷ್ಟು ಸಲ 50 ಮಿಲಿಸೆಕೆಂಡ್‌ನಂತೆ ಹಿಂದೆ ಮುಂದೆ ಸರಿಸುತ್ತವೆ.

ಇಲ್ಲಿಂದ ಮುಂದೆ ಚಿತ್ರ ನೋಡಿದವರಿಗೆ

ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ಹೋಗುವುದು ಏಕೆ?

ಯಾವಾಗ ಹೋಗುತ್ತದೆ ಎಂದು ನೋಡಿ. ಆರಂಭದ ಕೂಡುವಿಕೆ, ದಾರಿ ತಪ್ಪಿದ ಪ್ರಯಾಣ, ಒಂಟಿಯಾಗಿ ಬಾರ್ ಬಾಗಿಲಲ್ಲಿ ನಿಂತ ದಿನಗಳು ಕಪ್ಪು-ಬಿಳುಪು. ಹೋ ಹೊಡೆತ ತಿಂದು ಕೈಗಳಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು ‘ಮತ್ತೆ ಶುರು ಮಾಡೋಣ’ ಅಂದು, ಲೈ ಅವನನ್ನು ತನ್ನ ಕೋಣೆಗೆ ಕರೆತರುವ ಹೊತ್ತಿಗೆ ಬಣ್ಣ ಬರುತ್ತದೆ. ನೆನಪಾಗಿ ಉಳಿದ ಕಾಲದಿಂದ ಬದುಕುತ್ತಿರುವ ಕಾಲಕ್ಕೆ ಬಂದೆವು ಎಂದು ಓದಿಕೊಳ್ಳಬಹುದು. ಅದಕ್ಕೂ ಮೊದಲು ಒಂದು ಕಡೆ ಬಣ್ಣ ನುಗ್ಗುತ್ತದೆ: ಆಕಾಶದಿಂದ ತೆಗೆದ ಇಗ್ವಾಸು ಜಲಪಾತ. ಇಬ್ಬರೂ ಇನ್ನೂ ನೋಡಿರದ ಜಾಗ ಅದು. ನೋಡುಗರಿಗೆ ಮೊದಲೇ ಸಿಕ್ಕಿಬಿಡುತ್ತದೆ.

ಕಥೆ ಮುಂದೆ ಸಾಗುವುದೇ ಇಲ್ಲವಲ್ಲ? ಬರೀ ಜಗಳ, ರಾಜಿ, ಜಗಳ.

ತುಂಬ ಜನ ಇಲ್ಲೇ ಎದ್ದುಹೋಗುತ್ತಾರೆ. ಅವರಿಗೆ ನಮ್ಮ ಸಲಹೆ ಒಂದೇ: ಮಾತುಗಳನ್ನು ಬಿಟ್ಟು ಹಣ, ಕೆಲಸ, ಕಾಗದಪತ್ರಗಳ ಲೆಕ್ಕ ಹಿಡಿದು ಇನ್ನೊಮ್ಮೆ ನೋಡಿ. ಪರದೇಶದಲ್ಲಿ ಕೈಯಲ್ಲಿ ಕಾಸಿಲ್ಲದ ಇಬ್ಬರು ಒಬ್ಬರನ್ನೊಬ್ಬರು ಪ್ರೀತಿಸುವುದು, ಹಿಂಸಿಸುವುದು ಎರಡೂ ಈ ವಸ್ತುಗಳ ಮೂಲಕವೇ ನಡೆಯುತ್ತದೆ.

ಲೈ ಹಾಂಗ್‌ಕಾಂಗ್ ಬಿಟ್ಟದ್ದೇ ಕೆಲಸಕ್ಕಿದ್ದ ಕಡೆ ದುಡ್ಡು ಕದ್ದು. ಮಾಲೀಕ ಅಪ್ಪನ ಸ್ನೇಹಿತ. ಹಾಗಾಗಿ ಮರಳುವುದಕ್ಕೆ ಟಿಕೆಟ್ಟಿನ ಹಣವೊಂದೇ ಸಾಲದು, ಅಪ್ಪನಿಗೆ ಮುಖ ತೋರಿಸುವ ಧೈರ್ಯವೂ ಬೇಕು. ಲೈ ಊರಿಗೆ ಹೋಗಲಿ ಎಂದು ಹೋ ಒಂದು ಕೈಗಡಿಯಾರ ತಂದುಕೊಡುತ್ತಾನೆ. ಅದು ಕದ್ದದ್ದು. ಆಮೇಲೆ ಪೆಟ್ಟು ತಿಂದು ಬಂದು ಅದನ್ನೇ ವಾಪಸ್ ಕೇಳುತ್ತಾನೆ. ಅವನು ಕೊಡುವ ರೀತಿ, ಇವನು ಹಿಂತಿರುಗಿಸುವ ರೀತಿ ನೋಡಿದರೆ ಈ ಸಂಬಂಧ ಯಾಕೆ ಮುರಿಯುತ್ತಿಲ್ಲ, ಯಾಕೆ ನಿಲ್ಲುತ್ತಿಲ್ಲ ಎರಡೂ ಗೊತ್ತಾಗುತ್ತದೆ.

ಕೋಣೆಯೊಳಗೆ ಒಂದು ಮಂಚ, ಒಂದು ಸೋಫಾ. ಕೈ ಮುರಿದುಕೊಂಡವನಿಗೆ ಮಂಚ, ದುಡಿಯುವವನಿಗೆ ಸೋಫಾ. ಅನ್ನ ಉಣಿಸುವುದು, ಮೈ ಒರೆಸುವುದು ಎಲ್ಲ ಲೈ ಕೆಲಸ. ಲೈಗೆ ಜ್ವರ ಬಂದ ದಿನವೂ ಹೋ ಹಸಿವು ಅನ್ನುತ್ತಾನೆ. ಲೈ ಬೈದುಕೊಂಡು ಎದ್ದು, ಕಂಬಳಿ ಹೊದ್ದೇ ಒಲೆಯ ಮುಂದೆ ನಿಂತು ಅಡುಗೆ ಮಾಡುತ್ತಾನೆ. ಪ್ರೇಕ್ಷಕರು ನಗುವ ದೃಶ್ಯ ಇದು. ಚಿತ್ರದ ಅತ್ಯಂತ ಸುಖದ ಗಳಿಗೆಗಳಲ್ಲಿ ಒಂದೂ ಹೌದು. ಹೋ ಬೇಗ ಗುಣವಾಗದಿರಲಿ ಎಂದು ತನಗೆ ಅನ್ನಿಸಿತ್ತು ಎಂಬುದನ್ನು ಲೈ ಆಮೇಲೆ ನಮಗೆ ಹೇಳುತ್ತಾನೆ, ಅವನಿಗೆ ಹೇಳುವುದಿಲ್ಲ.

ಕೈ ವಾಸಿಯಾದ ಹಾಗೆ ಹೋ ಹೊರಗೆ ಹೋಗತೊಡಗುತ್ತಾನೆ, ಸಿಗರೇಟಿಗೆ ಹೋಗಿದ್ದೆ ಅನ್ನುತ್ತಾನೆ. ಲೈ ಸಿಗರೇಟಿನ ರಾಶಿಯನ್ನೇ ತಂದು ಕೋಣೆಯಲ್ಲಿ ಜೋಡಿಸುತ್ತಾನೆ. ಹೊರಗೆ ಹೋಗಲು ಇನ್ನು ನೆಪವೇ ಇಲ್ಲ. ಹೋ ಅಷ್ಟನ್ನೂ ನೆಲಕ್ಕೆ ಚೆಲ್ಲುತ್ತಾನೆ. ಇಡೀ ಜಗಳದಲ್ಲಿ ಪ್ರೀತಿ, ಅನುಮಾನ ಎಂಬ ಮಾತುಗಳೇ ಬರುವುದಿಲ್ಲ, ಬರುವುದು ಸಿಗರೇಟು ಮಾತ್ರ.

ಹೀಗೆ ಹಿಡಿದು ನೋಡಿದರೆ ಕಥೆ ನಿಂತಲ್ಲೇ ನಿಂತಿಲ್ಲ. ಬಾರಿನ ಬಾಗಿಲು, ಚೀನೀ ಹೋಟೆಲಿನ ಅಡುಗೆಮನೆ, ಕಸಾಯಿಖಾನೆ, ಹೀಗೆ ಲೈ ಕೆಲಸದಿಂದ ಕೆಲಸಕ್ಕೆ ಸಾಗಿ ಊರಿನ ದಾರಿ ಹಿಡಿಯುತ್ತಿದ್ದಾನೆ. ಕಸಾಯಿಖಾನೆಯಲ್ಲಿ ಸಂಬಳ ಹೆಚ್ಚು, ಕೆಲಸ ರಾತ್ರಿಯದು. ಹಗಲು ಮಲಗಿ ರಾತ್ರಿ ಎದ್ದಿರುವುದರಿಂದ ತಾನು ಹಾಂಗ್‌ಕಾಂಗ್ ಸಮಯಕ್ಕೆ ಮರಳಿದೆ ಎಂದುಕೊಳ್ಳುತ್ತಾನೆ. ಎರಡು ಊರುಗಳ ನಡುವೆ 11 ಗಂಟೆಯ ಅಂತರವಿರುವುದರಿಂದ ಅದು ಅಕ್ಷರಶಃ ನಿಜ.

ಪಾಸ್‌ಪೋರ್ಟ್ ಬಚ್ಚಿಡುವುದು ಪ್ರೀತಿಯೇ?

ಅಲ್ಲ. ಲೈ ಕಡೆಗೆ ನಮ್ಮ ಅನುಕಂಪ ಎಷ್ಟೇ ಇರಲಿ, ಅವನು ಮಾಡುವ ಅತಿ ದೊಡ್ಡ ಅನ್ಯಾಯ ಅದೇ. ಹೋ ಕೋಣೆಯೆಲ್ಲ ಕಿತ್ತು ಹುಡುಕುತ್ತಾನೆ, ಲೈ ಕೊಡುವುದಿಲ್ಲ ಅನ್ನುತ್ತಾನೆ. ಚಿತ್ರ ಶುರುವಾಗುವುದೇ ಪಾಸ್‌ಪೋರ್ಟ್ ಮೇಲೆ ಬೀಳುವ ಮುದ್ರೆಯಿಂದ ಎಂಬುದನ್ನು ಮರೆಯಬೇಡಿ. ಅಲ್ಲಿ ಹೊರಡುವ ಅನುಮತಿಯಾಗಿದ್ದದ್ದು ಇಲ್ಲಿ ಹೊರಡದಂತೆ ಹಿಡಿದಿಡುವ ಬೀಗವಾಗುತ್ತದೆ.

ವಿದೇಶದಲ್ಲಿರುವ ಕನ್ನಡಿಗರು ಈ ದೃಶ್ಯ ನೋಡಿ ಕೇಳುವುದುಂಟು, ಹೀಗಾದರೆ ಏನು ಮಾಡಬೇಕು ಎಂದು. ಭಾರತದ ಪಾಸ್‌ಪೋರ್ಟ್ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಯಾವಾಗಲೂ ಕೇಂದ್ರ ಸರ್ಕಾರದ ಸ್ವತ್ತು. ಸಂಗಾತಿಯಾಗಲಿ, ಮಾಲೀಕರಾಗಲಿ ಅದನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ, ಹತ್ತಿರದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ಗೆ ಹೋಗಿ. ತುರ್ತಾಗಿ ಊರಿಗೆ ಬರಬೇಕಿದ್ದರೆ ಒಂದು ಸಲದ ಪ್ರಯಾಣಕ್ಕೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟಗಳ ಚಿತ್ರವನ್ನು ನಿಮ್ಮ ಇಮೇಲ್‌ನಲ್ಲಿ ಇಟ್ಟುಕೊಂಡಿದ್ದರೆ ಈ ಕೆಲಸಗಳೆಲ್ಲ ಬೇಗ ಆಗುತ್ತವೆ.

ಹಾಗಾದರೆ ಹೋ ಖಳನಾಯಕನೇ?

ಲೈ ಕಣ್ಣಿನಿಂದ ಕಥೆ ಹೇಳಿರುವುದರಿಂದ ಹಾಗೆ ಅನ್ನಿಸುತ್ತದೆ. ತನ್ನ ಕಡೆಯ ಮಾತು ಹೇಳಲು ಹೋ ಪಾತ್ರಕ್ಕೆ ಚಿತ್ರ ಅವಕಾಶ ಕೊಡುವುದಿಲ್ಲ. ಕೊಡುವುದು ಒಂದೇ ದೃಶ್ಯ. ಲೈ ಬಿಟ್ಟುಹೋದ ಕೋಣೆಗೆ ಹೋ ಬಂದು ಸೇರುತ್ತಾನೆ, ಅಲ್ಲಿದ್ದ, ಜಲಪಾತದ ಚಿತ್ರವಿರುವ ಕೆಟ್ಟುಹೋದ ದೀಪವನ್ನು ಕೂತು ಸರಿ ಮಾಡುತ್ತಾನೆ, ಕಂಬಳಿ ಅಪ್ಪಿಕೊಂಡು ಅಳುತ್ತಾನೆ. ಲೆಸ್ಲಿ ಚೆಯುಂಗ್ ಅಲ್ಲಿ ಒಂದೂ ಮಾತಿಲ್ಲದೆ, ಅಷ್ಟು ಹೊತ್ತು ನಾವು ಬೈದುಕೊಂಡಿದ್ದ ಮನುಷ್ಯನ ಇನ್ನೊಂದು ಪಾರ್ಶ್ವವನ್ನು ತೆರೆದಿಡುತ್ತಾರೆ. ಪ್ರಶಸ್ತಿಗಳು ಹೆಚ್ಚಾಗಿ ಟೋನಿ ಲಿಯುಂಗ್ ಕಡೆ ಹೋದವು, ಹಾಂಗ್‌ಕಾಂಗ್ ಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಅವರೇ. ಅದು ಸಲ್ಲತಕ್ಕದ್ದೇ. ಆದರೂ ಹೋ ಪಾತ್ರವೇ ಹೆಚ್ಚು ಕಷ್ಟದ್ದು ಎಂದು ನಮ್ಮ ಅಭಿಪ್ರಾಯ: ಬಿಟ್ಟುಹೋಗುವವನೂ ಪ್ರೀತಿಸುತ್ತಿದ್ದ ಎಂದು ನಂಬಿಸಬೇಕು.

ಚಾಂಗ್‌ಗೆ ಲೈ ಮೇಲೆ ಇರುವುದು ಸ್ನೇಹವೋ, ಪ್ರೀತಿಯೋ?

ಚಿತ್ರ ತೀರ್ಮಾನ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಚಾಂಗ್‌ನ ಕಿವಿ ಬಹಳ ಸೂಕ್ಷ್ಮ. ಚಿಕ್ಕಂದಿನಲ್ಲಿ ಕಣ್ಣಿನ ತೊಂದರೆಯಿದ್ದಾಗ ಕೇಳಿಸಿಕೊಳ್ಳುವುದನ್ನು ರೂಢಿಸಿಕೊಂಡವನು. ‘ಜಗತ್ತಿನ ತುದಿ’ ಎಂದು ಹೆಸರಾದ, ಅರ್ಜೆಂಟೀನಾದ ದಕ್ಷಿಣದ ಊರು ಉಶುವಾಯಕ್ಕೆ ಹೊರಡುವ ಮೊದಲು ಲೈ ಕೈಗೆ ಟೇಪ್ ರೆಕಾರ್ಡರ್ ಕೊಟ್ಟು, ನಿನ್ನ ದುಃಖ ಹೇಳು, ಅಲ್ಲಿನ ದೀಪಸ್ತಂಭದ ಹತ್ತಿರ ಬಿಟ್ಟುಬರುತ್ತೇನೆ ಅನ್ನುತ್ತಾನೆ. ಲೈ ಮಾತಾಡಲಾಗದೆ ಅಳುತ್ತಾನೆ. ತುದಿ ಮುಟ್ಟಿ ಚಾಂಗ್ ಟೇಪ್ ಹಾಕಿದರೆ ಕೇಳಿಸುವುದು ಅಳುವಿನಂಥ ವಿಚಿತ್ರ ಸದ್ದು ಮಾತ್ರ. ಲೈಯನ್ನು ಹೀಗೆ ಕೇಳಿಸಿಕೊಂಡವರು ಚಿತ್ರದಲ್ಲಿ ಇನ್ನಾರೂ ಇಲ್ಲ.

ಕೊನೆಗೆ ಲೈ ತೈಪೆಯಲ್ಲಿ ಇಳಿದು, ರಾತ್ರಿ ಸಂತೆಯಲ್ಲಿ ಚಾಂಗ್‌ನ ಮನೆಯವರ ತಿಂಡಿ ಅಂಗಡಿ ಹುಡುಕಿ ಉಂಡು, ಅಲ್ಲಿದ್ದ ಅವನ ಫೋಟೊ ಒಂದನ್ನು ಎತ್ತಿಕೊಂಡು ಹೊರಡುತ್ತಾನೆ. ಮರಳಿ ಬರಲು ಒಂದು ಮನೆ ಇರುವುದರಿಂದಲೇ ಚಾಂಗ್ ಹಗುರಾಗಿ ಅಲೆಯಬಲ್ಲ ಎಂದು ಲೈಗೆ ಅಲ್ಲಿ ಹೊಳೆಯುತ್ತದೆ.

1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಸೇರಿದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಚಿತ್ರ ಹಾಂಗ್‌ಕಾಂಗ್‌ನಲ್ಲಿ ತೆರೆಕಂಡದ್ದು 1997ರ ಮೇ ಕೊನೆಗೆ, ಬ್ರಿಟನ್ ಆ ಊರನ್ನು ಚೀನಾಕ್ಕೆ ಒಪ್ಪಿಸಿದ್ದು ಜುಲೈ 1ಕ್ಕೆ. ತೈಪೆಯ ದೃಶ್ಯದಲ್ಲಿ ಡೆಂಗ್ ಷಿಯಾವೊಪಿಂಗ್ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬರುತ್ತದೆ, ಅದು 1997ರ ಫೆಬ್ರವರಿ 19ರ ಘಟನೆ. ಊರಿಗೆ ಮರಳಬೇಕು, ಆದರೆ ಮರಳುವ ಹೊತ್ತಿಗೆ ಊರು ಯಾರದ್ದಾಗಿರುತ್ತದೆ ಎಂಬ ಆತಂಕ ಆಗ ಅಲ್ಲಿ ಎಲ್ಲರಲ್ಲೂ ಇತ್ತು. ಆದರೆ ಲೈ ಎಂದರೆ ಇಂಥ ದೇಶ, ಹೋ ಎಂದರೆ ಇಂಥ ದೇಶ ಎಂದು ಒಗಟು ಬಿಡಿಸುವವರನ್ನು ನಾವು ಒಪ್ಪುವುದಿಲ್ಲ. ಆ ಓದಿನಲ್ಲಿ ಇಬ್ಬರು ಮನುಷ್ಯರು ಕಳೆದುಹೋಗುತ್ತಾರೆ.

ಮಧ್ಯೆ ಹಾಂಗ್‌ಕಾಂಗ್ ತಲೆಕೆಳಗಾಗಿ ಕಾಣುವುದೇಕೆ?

ಭೂಗೋಳದಲ್ಲಿ ಹಾಂಗ್‌ಕಾಂಗ್‌ನಿಂದ ನೇರ ಕೆಳಕ್ಕೆ ಕೊರೆದರೆ ಹೊರಬರುವುದು ಅರ್ಜೆಂಟೀನಾದಲ್ಲಿ, ಬೊಲಿವಿಯಾ ಗಡಿಯ ಲಾ ಕಿಯಾಕಾ ಪಟ್ಟಣದ ಆಸುಪಾಸಿನಲ್ಲಿ. ಲೈ ತನ್ನೂರನ್ನು ನೆನೆಯುವಾಗ ಅದು ಅವನ ಕಾಲಡಿಯಲ್ಲಿದೆ, ಬುಡಮೇಲಾಗಿ.

ಚಿತ್ರಕಥೆ ಇಲ್ಲದೆ ತೆಗೆದರಂತೆ, ನಿಜವೇ?

ವಾಂಗ್ ಕೆಲಸ ಮಾಡುವ ರೀತಿಯೇ ಅದು: ಎಳೆಯೊಂದನ್ನು ಹಿಡಿದು ಹೊರಟು, ಸ್ಥಳದಲ್ಲಿ ಬರೆಯುತ್ತ, ಸಂಕಲನದಲ್ಲಿ ಕಥೆ ಕಂಡುಕೊಳ್ಳುತ್ತಾರೆ. ಅರ್ಜೆಂಟೀನಾದ ಕಾದಂಬರಿಕಾರ ಮನುಯೆಲ್ ಪುಯಿಗ್ ಅವರ ಮೇಲಿನ ಅಭಿಮಾನ ಅವರನ್ನು ಬ್ಯೂನಸ್ ಐರಿಸ್‌ಗೆ ಕರೆದೊಯ್ದಿತು, ಚಿತ್ರದ ಕಥೆ ಮಾತ್ರ ಪುಯಿಗ್‌ದಲ್ಲ. 1996ರಲ್ಲಿ ಕೆಲವು ವಾರಗಳ ಕೆಲಸವೆಂದು ಹೋದವರು ತಿಂಗಳುಗಟ್ಟಲೆ ಉಳಿದರು. ಲೆಸ್ಲಿ ಚೆಯುಂಗ್ ಸಂಗೀತ ಕಾರ್ಯಕ್ರಮಗಳಿಗೆಂದು ಮರಳಬೇಕಾಯಿತು, ಕಥೆ ತಿರುಗಿತು, ಚಾಂಗ್ ಪಾತ್ರ ಬೆಳೆಯಿತು. ಗಾಯಕಿ ಶರ್ಲಿ ಕ್ವಾನ್ ಅಭಿನಯಿಸಿದ ಭಾಗ ಪೂರ್ತಿ ಕತ್ತರಿಗೆ ಹೋಯಿತು. ಲೈ ಯಿಯು-ಫೈ, ಹೋ ಪೋ-ವಿಂಗ್ ಎಂಬ ಹೆಸರುಗಳು ಕ್ಯಾಮೆರಾ ತಂಡದಲ್ಲಿದ್ದವರವೇ.

ಕೊರತೆಗಳೂ ಇದರಿಂದಲೇ ಬಂದವು. ಹೋ ಕೊನೆಯ ಭಾಗದಲ್ಲಿ ಹೆಚ್ಚು ಕಾಣುವುದಿಲ್ಲ, ಕೆಲವು ಜಿಗಿತಗಳನ್ನು ಲೈ ಧ್ವನಿಯೊಂದೇ ಹೊಲಿಯುತ್ತದೆ.

ಹಾಡುಗಳು ಯಾರವು?

ಟ್ಯಾಂಗೋ ಆಸ್ಟರ್ ಪಿಯಾಝೋಲ್ಲಾ ಅವರದು. ಮೊದಲ ಸಲ ಜಲಪಾತ ಕಾಣುವಾಗ ಕೇಳುವುದು ಬ್ರೆಜಿಲ್‌ನ ಕಯೆಟಾನೊ ವೆಲೋಸೊ ಧ್ವನಿ. ಫ್ರಾಂಕ್ ಜಾಪಾ ರಚನೆಗಳೂ ಇವೆ. ಕೊನೆಗೆ ಬರುವ, ಚಿತ್ರದ ಇಂಗ್ಲಿಷ್ ಹೆಸರಿನದೇ ಹಾಡು 1967ರದು, ಮೂಲ ಗಾಯಕರು ಅಮೆರಿಕದ ಟರ್ಟಲ್ಸ್ ತಂಡ. ಚಿತ್ರದಲ್ಲಿ ಇರುವುದು ಡ್ಯಾನಿ ಚುಂಗ್ ಹಾಡಿದ ಆವೃತ್ತಿ.

‘ಇದು ಸಲಿಂಗಿಗಳ ಕಥೆಯಲ್ಲ, ಎಲ್ಲರ ಕಥೆ’ ಅನ್ನುತ್ತಾರಲ್ಲ?

ಮೆಚ್ಚುಗೆಯಿಂದಲೇ ಹೇಳುವ ಮಾತು, ಆದರೂ ನಾವು ಅದನ್ನು ಹೇಳುವುದಿಲ್ಲ. ಇಬ್ಬರು ಗಂಡಸರ ಪ್ರೀತಿಯನ್ನು ಅಲ್ಲಿಂದ ಒರೆಸಿಹಾಕಿದರೆ ಲೈ ಯಾಕೆ ಅಪ್ಪನಿಗೆ ಎಲ್ಲವನ್ನೂ ಬರೆಯಲಾರ, ಇವರಿಗೆ ಆಸರೆಯಾಗುವ ನೆಂಟರಿಷ್ಟರು ಯಾಕೆ ಒಬ್ಬರೂ ಇಲ್ಲ, ಒಬ್ಬರಿಗೊಬ್ಬರು ಬಿಟ್ಟರೆ ಗತಿಯಿಲ್ಲದ ಹಾಗೆ ಯಾಕೆ ಅಂಟಿಕೊಂಡಿದ್ದಾರೆ ಎಂಬುದು ಅರ್ಥವಾಗುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ಗಂಡಸರ ನಡುವಿನ ಸಂಬಂಧ ಅಪರಾಧವಲ್ಲ ಎಂದಾದದ್ದು 1991ರಲ್ಲಿ, ಚಿತ್ರಕ್ಕೆ ಬರೀ ಆರು ವರ್ಷ ಮೊದಲು. ಅರ್ಜೆಂಟೀನಾ 2010ರ ಜುಲೈಯಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟಿತು, ತೈವಾನ್ 2019ರ ಮೇನಲ್ಲಿ. ನಮ್ಮಲ್ಲಿ 377ನೇ ಸೆಕ್ಷನ್ ಕುರಿತು, ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ.

ಅದೇ ಹೊತ್ತಿಗೆ, ಸಲಿಂಗಿಗಳೆಂಬ ಕಾರಣಕ್ಕೇ ಇವರ ಸಂಬಂಧ ಕೆಟ್ಟಿತು ಎಂದೂ ಚಿತ್ರ ಹೇಳುವುದಿಲ್ಲ. ಯಾರೂ ಇವರನ್ನು ಬೈದು ಅಟ್ಟುವುದಿಲ್ಲ, ಯಾರೂ ಪಶ್ಚಾತ್ತಾಪ ಪಡುವುದಿಲ್ಲ. 1997ರಲ್ಲಿ ಅಷ್ಟು ದೊಡ್ಡ ತಾರೆಗಳಿಬ್ಬರನ್ನು ಹಾಕಿಕೊಂಡು ಹೀಗೆ ಸಹಜವಾಗಿ ತೋರಿಸಿದ್ದು ಈ ಚಿತ್ರದ ನಿಜವಾದ ಧೈರ್ಯ.

ನಮ್ಮೂರಿನಲ್ಲಿ ಒಂದು ಪ್ರದರ್ಶನ ಏರ್ಪಡಿಸಬೇಕು. ಏನೇನು ಬೇಕು?

ಮೊದಲು ಹಕ್ಕು. ಡಿಸ್ಕ್, ಓಟಿಟಿ ಚಂದಾ ಎರಡೂ ಮನೆಯೊಳಗೆ ನೋಡುವುದಕ್ಕೆ ಮಾತ್ರ. ಸಭಾಂಗಣದಲ್ಲಿ ತೋರಿಸಲು ಹಕ್ಕುದಾರರ ಲಿಖಿತ ಅನುಮತಿ ಬೇಕು, ಪ್ರವೇಶ ಉಚಿತವಾಗಿದ್ದರೂ ಸರಿ. ಪತ್ರದಲ್ಲಿ ದಿನಾಂಕ, ಆಸನಗಳ ಸಂಖ್ಯೆ, ಟಿಕೆಟ್ ಇದೆಯೋ ಇಲ್ಲವೋ, ಯಾವ ಮಾದರಿಯ ಪ್ರತಿ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಇವಿಲ್ಲದಿದ್ದರೆ ಪತ್ರವ್ಯವಹಾರವೇ ವಾರಗಟ್ಟಲೆ ಎಳೆಯುತ್ತದೆ. ಎರಡನೆಯದು ಸೆನ್ಸಾರ್. ಭಾರತದ ಪ್ರಮಾಣಪತ್ರವಿಲ್ಲದ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸುವಂತಿಲ್ಲ. ಚಿತ್ರೋತ್ಸವಗಳು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಸೆಕ್ಷನ್ ಅಡಿ ಕೇಂದ್ರ ವಾರ್ತಾ ಸಚಿವಾಲಯದಿಂದ ವಿನಾಯಿತಿ ಪಡೆಯುತ್ತವೆ. ಸಣ್ಣ ತಂಡವಾದರೆ ನೋಂದಾಯಿತ ಫಿಲ್ಮ್ ಸೊಸೈಟಿಯೊಂದರ ಜೊತೆ ಸೇರುವುದು ಸುಲಭ. ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್ ನಡೆಸುವವರಿಗೂ ಈ ದಾರಿಗಳು ಗೊತ್ತು.

ಥಿಯೇಟರ್‌ನಲ್ಲಿ ತೋರಿಸುವುದಾದರೆ ಡಿಸಿಪಿ, ಅಂದರೆ ಥಿಯೇಟರ್‌ಗೆಂದೇ ಮಾಡಿದ ಡಿಜಿಟಲ್ ಪ್ರತಿ, ಬರುತ್ತದೆ. ಅದಕ್ಕೆ ಬೀಗವಿದ್ದರೆ ಆ ಥಿಯೇಟರಿನ ಸರ್ವರ್‌ಗೇ ಮಾಡಿದ ಕೀಲಿ ಕಡತವೂ ಬೇಕು. ಕೈಕೊಡುವುದು ಇಲ್ಲೇ: ಥಿಯೇಟರ್‌ನವರು ಸರ್ವರ್ ಬದಲಿಸಿರುತ್ತಾರೆ, ಹಳೆಯ ಸರ್ವರ್‌ನ ವಿವರಕ್ಕೆ ಕೀಲಿ ಬಂದಿರುತ್ತದೆ. ಅಥವಾ ಕೀಲಿಯ ಅವಧಿ ಬೇರೆ ದೇಶದ ಗಡಿಯಾರಕ್ಕೆ ಲೆಕ್ಕ ಹಾಕಿ ಪ್ರದರ್ಶನ ಮುಗಿದ ಮೇಲೆ ಶುರುವಾಗುತ್ತದೆ. ಹಿಂದಿನ ದಿನವೇ ತರಿಸಿ ಮೊದಲ 20, ಕೊನೆಯ 10 ನಿಮಿಷ ಓಡಿಸಿ ನೋಡಿ.

ಆಪರೇಟರ್‌ಗೆ ಇಂಟರ್‌ವಲ್ ಇಲ್ಲ ಎಂದು ಬರೆದು ಕೊಡಿ. ಬಾಯಿಮಾತು ಸಾಲದು. ಅಭ್ಯಾಸಬಲದಿಂದ ನಡುವೆ ನಿಲ್ಲಿಸಿ ದೀಪ ಹಾಕಿದರೆ, ಕೋಣೆಯೊಳಗಿನ ದೃಶ್ಯಗಳಲ್ಲಿ ಅಷ್ಟು ಹೊತ್ತು ಕಟ್ಟಿಕೊಂಡ ಬಿಗಿ ಸಡಿಲವಾಗುತ್ತದೆ, ಮತ್ತೆ ಕೂಡಿಬರುವುದಿಲ್ಲ. ಧ್ವನಿಯ ಮಟ್ಟವನ್ನು ಜಲಪಾತದ ದೃಶ್ಯ ನೋಡಿ ನಿಗದಿ ಮಾಡಿ. ಲೈ ಪಿಸುಮಾತಿಗೆ ಹೊಂದಿಸಿದರೆ ಟ್ಯಾಂಗೋ ಬಂದಾಗ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರೇಕ್ಷಕರ ಗುಟ್ಟು. ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರು ನಿಮ್ಮ ಸಭಾಂಗಣದಲ್ಲಿ ಕೂತಿರುತ್ತಾರೆ. ಪ್ರೇಕ್ಷಕರ ಫೋಟೊ, ವಿಡಿಯೊ ತೆಗೆಯಬೇಡಿ, ತೆಗೆಯಲು ಬಿಡಬೇಡಿ. ನೋಂದಣಿಗೆ ಪೂರ್ತಿ ಹೆಸರು ಕೇಳಬೇಡಿ. ಸಂವಾದದಲ್ಲಿ ‘ನಿಮ್ಮ ಅನುಭವ ಹೇಳಿ’ ಎಂದು ಯಾರನ್ನೂ ಒತ್ತಾಯಿಸಬೇಡಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಲು ಅವಕಾಶವಿರಲಿ.

ಚಿತ್ರದ ಜಾಗಗಳನ್ನು ಹೋಗಿ ನೋಡಬಹುದೇ?

ಟ್ಯಾಂಗೋ ಬಾರ್ ಬ್ಯೂನಸ್ ಐರಿಸ್‌ನ ಸಾನ್ ಟೆಲ್ಮೊ ಬಡಾವಣೆಯ ಬಾರ್ ಸುರ್. ಲೈ ಕೋಣೆಯಿರುವುದು ಲಾ ಬೋಕಾದಲ್ಲಿ. ಅಲ್ಲಿ ಹಗಲು ಹೊತ್ತು, ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಮಾತ್ರ ತಿರುಗಿ. ಉಶುವಾಯದ ಲೇ ಎಕ್ಲೆರೂರ್ ದೀಪಸ್ತಂಭದ ಸುತ್ತ ದೋಣಿಗಳು ಹೋಗುತ್ತವೆ, ದ್ವೀಪದ ಮೇಲೆ ಇಳಿಸುವುದಿಲ್ಲ. ತೈಪೆಯ ರಾತ್ರಿ ಸಂತೆ ಲಿಯಾವೊನಿಂಗ್ ಬೀದಿಯದು. ಕೊನೆಯ ರೈಲು 1996ರಲ್ಲಿ ಶುರುವಾದ ಕಂದು ಬಣ್ಣದ ಮೆಟ್ರೊ ಮಾರ್ಗದ್ದು. ಚಾಲಕನಿಲ್ಲದ ರೈಲಾದ್ದರಿಂದ ಮುಂದಿನ ಗಾಜಿನ ಹತ್ತಿರ ನಿಂತು ಹಳಿಗಳು ನಮ್ಮತ್ತ ನುಗ್ಗಿಬರುವುದನ್ನು ನೋಡಬಹುದು.

ಇಗ್ವಾಸು ಬ್ಯೂನಸ್ ಐರಿಸ್‌ನಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆ, ಬಸ್ಸಿನಲ್ಲಿ ಸುಮಾರು 18 ಗಂಟೆ. ಜೋಗದಂತೆ ಎತ್ತರಕ್ಕೆ ಹೆಸರಾದದ್ದಲ್ಲ. ಜೋಗ 253 ಮೀಟರ್, ಇದು ಹೆಚ್ಚೆಂದರೆ 80ರ ಆಸುಪಾಸು. ಆದರೆ ಹರವು ಸುಮಾರು 2.7 ಕಿಲೋಮೀಟರ್, ಧಾರೆಗಳು 275ರಷ್ಟು. ಲೈ ತೊಯ್ದು ನಿಲ್ಲುವ ನೋಟಕ್ಕೆ ‘ದೆವ್ವದ ಗಂಟಲು’ ಎಂದು ಕರೆಯುವ ಕಂದರದ ಕಡೆಗೆ ಹೋಗಿ. ನೀರು ಹೆಚ್ಚಿದಾಗ ಆ ಕಾಲುಸೇತುವೆ ಮುಚ್ಚುತ್ತಾರೆ, ಹಾಗಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಬ್ರೆಜಿಲ್ ಕಡೆಗೂ ಹೋಗುವುದಿದ್ದರೆ ಆ ದೇಶದ ವೀಸಾ ಬೇರೆ. ಎರಡೂ ದೇಶಗಳು ಹಳದಿ ಜ್ವರದ ಪಟ್ಟಿಯಲ್ಲಿರುವುದರಿಂದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಹೊರಡುವ 10 ದಿನ ಮೊದಲಾದರೂ ಲಸಿಕೆ ಹಾಕಿಸಿಕೊಳ್ಳಿ.

ಇದಾದ ಮೇಲೆ ಏನು ನೋಡಲಿ, ಏನು ಓದಲಿ?

1999ರ ಸಾಕ್ಷ್ಯಚಿತ್ರ ‘ಬ್ಯೂನಸ್ ಐರಿಸ್ ಝೀರೊ ಡಿಗ್ರಿ’ ನೋಡಿ, ಒಂದು ಗಂಟೆಯದು. ಕತ್ತರಿಸಿ ಬಿಟ್ಟ ದೃಶ್ಯಗಳು, ಶರ್ಲಿ ಕ್ವಾನ್ ಭಾಗ, ಮುಗಿಸಲಾಗದ ಕಥೆಯ ಎಳೆಗಳೆಲ್ಲ ಅದರಲ್ಲಿವೆ. ಮುಖ್ಯ ಚಿತ್ರ ನೋಡಿದ ಅದೇ ದಿನ ಮಾತ್ರ ಬೇಡ, ಎರಡೂ ಕಲಸಿಹೋಗುತ್ತವೆ. ಕನ್ನಡದಲ್ಲಿ ಓದಲು ಕೇಳುವವರಿಗೆ ವಸುಧೇಂದ್ರ ಅವರ 2013ರ ಕಥಾಸಂಕಲನ ‘ಮೋಹನಸ್ವಾಮಿ’ಯನ್ನು ಹೇಳುತ್ತೇವೆ.